ಅಮಾನತ್ತಿಗೂ ಲೆಕ್ಕಪುಸ್ತಕ ಬೇಕು

(ಬೆಂಗಳೂರಿನ ಸಿದ್ದಾಪುರದಲ್ಲಿ ಮೊಹಲ್ಲಾದ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮುದಾಯದ ಆರ್ಥಿಕ ಸ್ವಾವಲಂಬನೆಯ ಬಗ್ಗೆ ಮಾತನಾಡಬೇಕೆಂದು ತಾವು ನಮ್ಮನ್ನು ಕರೆದಿದ್ದೀರಿ. ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಏನು ನಡೆಯುತ್ತದೆಂಬುದು ತಮಗೂ ಗೊತ್ತು, ನಮಗೂ ಗೊತ್ತು. ಬಗ್ದಾದಿನ ವೈಭವವನ್ನು ಸ್ಮರಿಸಲಾಗುತ್ತದೆ, ಸರಕಾರವನ್ನು ದೂರಲಾಗುತ್ತದೆ, ಬಡ್ಡಿಯನ್ನು ಖಂಡಿಸಲಾಗುತ್ತದೆ. ಬಳಿಕ ಚಹಾ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ. ಮರುದಿನ ಬೆಳಿಗ್ಗೆ ಮೀಟರ್ ಬಡ್ಡಿಯವನು ಯಥಾಪ್ರಕಾರ ಬಾಗಿಲು ಬಡಿಯುತ್ತಾನೆ. ಆದ್ದರಿಂದ ಇಂದು ಬಗ್ದಾದಿನಿಂದ ಆರಂಭಿಸದೆ ನಮ್ಮ ಮನೆಯಿಂದಲೇ ಆರಂಭಿಸಲು ಅಪ್ಪಣೆ ಕೊಡಿ.

ನಮ್ಮ ಖಾಲಾ ಒಬ್ಬರಿದ್ದಾರೆ. ಗಂಡ ತೀರಿಕೊಂಡ ಬಳಿಕ ಸೀರೆಗೆ ಫಾಲ್ಸ್ ಹೊಲಿದು, ಬುರ್ಖಾ ಹೊಲಿದು ಮಕ್ಕಳನ್ನು ಸಾಕಿದವರು. ಅವರ ಬಳಿ ಒಂದು ಶಾಲಾ ನೋಟುಪುಸ್ತಕವಿದೆ. ಅದರಲ್ಲಿ ಹಾಲಿನ ಲೆಕ್ಕವಿದೆ, ಯಾರು ಹೊಲಿಗೆಯ ಹಣ ಬಾಕಿ ಇಟ್ಟಿದ್ದಾರೆಂಬ ಲೆಕ್ಕವಿದೆ, ಬೀದಿಯ ಹೆಂಗಸರ ಚೀಟಿಯ ಲೆಕ್ಕವಿದೆ. ಹತ್ತು ರೂಪಾಯಿ ಕೊಟ್ಟರೂ ಅಲ್ಲಿ ಬರೆಯದೆ ಕೊಡುವವರಲ್ಲ. ಅಂಥ ಖಾಲಾ ಮಗಳ ಮದುವೆಗೆಂದು ಕೂಡಿಟ್ಟ ಹಣದ ಜೊತೆಗೆ ತಮ್ಮ ಬಳೆಗಳನ್ನೂ ಮಾರಿ, ಬಂದ ಮೊತ್ತವನ್ನು 'ಹಲಾಲ್ ಲಾಭ' ಕೊಡುತ್ತೇವೆಂದ ಒಂದು ಕಂಪೆನಿಗೆ ಒಯ್ದು ಕೊಟ್ಟರು. ಕೆಲವು ತಿಂಗಳು ಲಾಭ ಬಂತು. ಮತ್ತೆ ನಿಂತಿತು. ಕೊನೆಗೆ ಕಚೇರಿಗೆ ಬೀಗ ಬಿತ್ತು.

ಆ ಕಂಪೆನಿಯ ಹೆಸರು ಇಲ್ಲಿ ಮುಖ್ಯವಲ್ಲ. ನಾವು ಖಾಲಾರಲ್ಲಿ ಕಾಗದಪತ್ರ ಕೇಳಿದಾಗ ಅವರು ಪೆಟ್ಟಿಗೆಯಿಂದ ಇಂಗ್ಲಿಷಿನ ಒಂದು ಹಾಳೆಯನ್ನು ತೆಗೆದುಕೊಟ್ಟರು. ಅದರಲ್ಲಿ ಏನು ಬರೆದಿದೆ ಎಂದು ಅವರಿಗೆ ಗೊತ್ತಿರಲಿಲ್ಲ. "ನಮ್ಮವರೇ ಅಲ್ಲವೇ ಬೇಟಾ, ಓದಿಸಿ ನೋಡುವುದು ಹೇಗೆ?" ಎಂದರು. ಹಾಲಿನವನ ಮೇಲೆ ಇಡದ ನಂಬಿಕೆಯನ್ನು ಅವರು ಗುರುತಿಲ್ಲದ ಒಬ್ಬ ವ್ಯಾಪಾರಿಯ ಮೇಲೆ ಇಟ್ಟಿದ್ದರು. ಏಕೆಂದರೆ ಅವನು ಸಲಾಮ್ ಹೇಳಿದ್ದ.

ಸಹೋದರರೇ, ಇದು ಒಂದು ಮನೆಯ ಕಥೆಯಲ್ಲ. 2018ರಲ್ಲಿ ಹೈದರಾಬಾದಿನ ಹೀರಾ ಗೋಲ್ಡ್ ಕುಸಿಯಿತು. ಅದೇ ವರ್ಷ ನಮ್ಮ ಬೆಂಗಳೂರಿನ ಆಂಬಿಡೆಂಟ್ ಕುಸಿಯಿತು. ಮರುವರ್ಷ, 2019ರ ಜೂನ್ ತಿಂಗಳಲ್ಲಿ, ಈದ್‌ನ ಸಂಭ್ರಮ ಇನ್ನೂ ಮನೆಗಳಲ್ಲಿದ್ದಾಗಲೇ ಐ ಮಾನಿಟರಿ ಅಡ್ವೈಸರಿ, ಅಂದರೆ ನಾವೆಲ್ಲ ಐಎಂಎ ಎಂದು ಕರೆಯುತ್ತಿದ್ದ ಸಂಸ್ಥೆಯ ಒಡೆಯ ದುಬೈಗೆ ಹಾರಿದ ಸುದ್ದಿ ಬಂತು. ಶಿವಾಜಿನಗರದ ಬೀದಿಗಳಲ್ಲಿ ರಶೀದಿ ಹಿಡಿದು ನಿಂತ ಜನರ ಸಾಲನ್ನು ತಾವು ನೋಡಿದ್ದೀರಿ. ಆ ಸಾಲಿನಲ್ಲಿ ಈ ಸಭೆಯಲ್ಲಿರುವವರೂ ನಿಂತಿದ್ದಿರಬಹುದು. ನಲವತ್ತು ಸಾವಿರಕ್ಕೂ ಹೆಚ್ಚು ದೂರುಗಳು ದಾಖಲಾದವು. ಹಗರಣದ ಗಾತ್ರವನ್ನು ಸುಮಾರು 4,000 ಕೋಟಿ ರೂಪಾಯಿ ಎಂದು ಅಂದಾಜಿಸಲಾಯಿತು. ಜುಲೈಯಲ್ಲಿ ಆತ ದಿಲ್ಲಿಗೆ ಮರಳಿ ಬಂಧಿತನಾದ. ತನಿಖೆ ಸಿಬಿಐಗೆ ಹೋಯಿತು. ಮುಚ್ಚಿಹಾಕಲು ನೆರವಾದ ಆರೋಪದ ಮೇಲೆ ಜಿಲ್ಲಾಧಿಕಾರಿಯೊಬ್ಬರೇ ಬಂಧಿತರಾದರು. ಸರಕಾರದ ತಪ್ಪು ಅಲ್ಲಿತ್ತು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಂದಿನ ಮಾತು ನಮ್ಮ ತಪ್ಪಿನ ಬಗ್ಗೆ.

ತಿಂಗಳಿಗೆ ನೂರಕ್ಕೆ ಎರಡೂವರೆ, ಮೂರು ರೂಪಾಯಿಯ ಲಾಭ, ಅದೂ ವರ್ಷಗಟ್ಟಲೆ ತಪ್ಪದೆ! ಯಾವ ವ್ಯಾಪಾರದಲ್ಲಿ ಇದು ಸಾಧ್ಯ? ನಮ್ಮಲ್ಲಿ ತರಕಾರಿ ಗಾಡಿಯವರಿದ್ದಾರೆ, ಮೆಕ್ಯಾನಿಕ್‌ಗಳಿದ್ದಾರೆ, ಕಟ್ಟಡ ಗುತ್ತಿಗೆಯವರಿದ್ದಾರೆ. ಒಂದು ತಿಂಗಳು ಲಾಭವಿದ್ದರೆ ಇನ್ನೊಂದು ತಿಂಗಳು ನಷ್ಟವೆಂಬುದನ್ನು ಇವರಿಗೆ ಯಾರೂ ಕಲಿಸಬೇಕಾಗಿಲ್ಲ. ನಷ್ಟವೇ ಇಲ್ಲದ ಲಾಭಕ್ಕೆ ಶರೀಅತ್ತಿನ ಹೆಸರು ಹಚ್ಚಿದಾಗ ಮೊದಲು ಪ್ರಶ್ನಿಸಬೇಕಾಗಿದ್ದವರು ಮಿಂಬರಿನ ಮೇಲಿರುವವರು ಮತ್ತು ಪತ್ರಿಕೆಗಳಲ್ಲಿ ಬರೆಯುವವರು. ನಾವು ಮದ್ರಸದಲ್ಲಿ ವ್ಯಾಪಾರದ ಫಿಕ್‌ಹ್ ಓದಿದವರು, ಕಾಲೇಜಿನಲ್ಲಿ ಪದವಿ ಪಡೆದವರು. ನಾವೂ ಗಟ್ಟಿಯಾಗಿ ಪ್ರಶ್ನಿಸಲಿಲ್ಲ. ಅವರು ಶಾಲೆಗೆ ನೆರವಾಗುತ್ತಿದ್ದರು, ರಂಝಾನ್‌ನಲ್ಲಿ ದಾನ ಕೊಡುತ್ತಿದ್ದರು, ವೇದಿಕೆಗಳಲ್ಲಿ ಉಲಮಾಗಳ ಪಕ್ಕದಲ್ಲಿ ಕೂರುತ್ತಿದ್ದರು. ದಾನ ಕೊಡುವವನ ಲೆಕ್ಕ ಕೇಳುವುದು ಅಸಭ್ಯವೆಂದು ಭಾವಿಸಿದೆವು. ಈ ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಳ್ಳದೆ ಮುಂದಿನ ಮಾತು ಹೇಳುವ ಹಕ್ಕು ನಮಗಿಲ್ಲ.

ಇಲ್ಲಿ ಪ್ರವಾದಿ(ಸ)ರ ಅನುಚರರಾದ ಹಝ್ರತ್ ಝುಬೈರ್(ರ)ರವರ ಘಟನೆಯೊಂದನ್ನು ನೆನಪಿಸಬೇಕು. ಅದು ಸಹೀಹ್ ಬುಖಾರಿಯಲ್ಲಿದೆ. ಜನರು ತಮ್ಮ ಹಣವನ್ನು ಅವರ ಬಳಿ ಅಮಾನತ್ತಾಗಿ ಇಡಲು ಬರುತ್ತಿದ್ದರು. ಅವರು ಅದನ್ನು ಅಮಾನತ್ತೆಂದು ಸ್ವೀಕರಿಸುತ್ತಿರಲಿಲ್ಲ, ಸಾಲವೆಂದು ಸ್ವೀಕರಿಸುತ್ತಿದ್ದರು. ಕಾರಣವೇನು? ಅಮಾನತ್ತು ಅಕಸ್ಮಾತ್ ಕಳೆದುಹೋದರೆ ಇಟ್ಟುಕೊಂಡವನು ಅದನ್ನು ತುಂಬಿಕೊಡಬೇಕಾಗಿಲ್ಲ. ಸಾಲವಾದರೆ ಏನೇ ಆದರೂ ತೀರಿಸಲೇಬೇಕು. ಅಂದರೆ ಜನರ ಹಣದ ಅಪಾಯವನ್ನು ಅವರು ತಮ್ಮ ತಲೆಯ ಮೇಲೆ ಹೊತ್ತುಕೊಂಡರು. ಅವರು ಮರಣ ಹೊಂದಿದಾಗ ಸಾಲ 22 ಲಕ್ಷದಷ್ಟಿತ್ತು. ಮಗ ಅಬ್ದುಲ್ಲಾ ಆಸ್ತಿ ಮಾರಿ ಎಲ್ಲವನ್ನೂ ತೀರಿಸಿದರು. ಅಷ್ಟಾದರೂ ವಾರಸುದಾರರಿಗೆ ಪಾಲು ಹಂಚದೆ, ತಂದೆಯಿಂದ ಯಾರಿಗಾದರೂ ಬರಬೇಕಾದದ್ದು ಉಳಿದಿದೆಯೇ ಎಂದು ನಾಲ್ಕು ವರ್ಷಗಳ ಕಾಲ ಹಜ್ಜ್‌ನ ಸಮಯದಲ್ಲಿ ಸಾರಿದರು.

ಈಗ ನಮ್ಮ ಕಾಲದ ಜಾಣರನ್ನು ನೋಡಿ. ಐಎಂಎಯಲ್ಲಿ ಹಣವಿಟ್ಟವರನ್ನು ಕಾಗದದ ಮೇಲೆ ಠೇವಣಿದಾರರೆಂದು ಬರೆಯಲಿಲ್ಲ, ಸೀಮಿತ ಹೊಣೆಗಾರಿಕೆಯ ಸಂಸ್ಥೆಯ ಪಾಲುದಾರರೆಂದು ಬರೆಯಲಾಯಿತು. ಪಾಲುದಾರನಾದ ಮೇಲೆ ನಷ್ಟವೂ ಅವನದೇ. ಝುಬೈರ್(ರ) ಅಮಾನತ್ತನ್ನು ಸಾಲವಾಗಿಸಿ ಬಡವರ ಅಪಾಯವನ್ನು ತಾವು ಹೊತ್ತರು. ಇವರು ಠೇವಣಿಯನ್ನು ಪಾಲುದಾರಿಕೆಯಾಗಿಸಿ ತಮ್ಮ ಅಪಾಯವನ್ನು ವಿಧವೆಯ ತಲೆಗೆ ಕಟ್ಟಿದರು. ಎರಡೂ ಕಡೆ ಇರುವುದು ಬರೇ ಒಂದು ಪದದ ಬದಲಾವಣೆ. ಆದರೆ ಆ ಪದವನ್ನು ಓದುವ ಅಭ್ಯಾಸ ನಮಗಿರಲಿಲ್ಲ.

ಇದು ಮುಸ್ಲಿಮರಿಗೆ ಮಾತ್ರ ಬಂದ ಕೇಡೆಂದು ಯಾರೂ ಭಾವಿಸಬಾರದು. ಲಾಲ್‌ಬಾಗಿನ ಈ ಮಗ್ಗುಲಲ್ಲಿ ಸಿದ್ದಾಪುರವಿದ್ದರೆ ಆ ಮಗ್ಗುಲಲ್ಲಿ ಬಸವನಗುಡಿಯಿದೆ. ಅಲ್ಲಿನ ಗುರುರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಖಾತೆದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯದಂತಾಯಿತು. ಪಿಂಚಣಿಯ ಹಣವನ್ನೆಲ್ಲ ಗುರುಗಳ ಹೆಸರಿನ ಮೇಲಿನ ಭಕ್ತಿಯಿಂದ ಅಲ್ಲಿಟ್ಟಿದ್ದ ವೃದ್ಧರು ಕಣ್ಣೀರಿಟ್ಟರು. ಅವರ ಕಣ್ಣೀರಿಗೂ ನಮ್ಮ ಖಾಲಾರ ಕಣ್ಣೀರಿಗೂ ವ್ಯತ್ಯಾಸವಿಲ್ಲ. ಭಕ್ತಿ ಬೇರೆ, ಲೆಕ್ಕಪರಿಶೋಧನೆ ಬೇರೆ. ಒಂದು ಇನ್ನೊಂದರ ಕೆಲಸವನ್ನು ಮಾಡಲಾರದು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಜನರು ಬರೇ ಆಸೆಯಿಂದ ಅಲ್ಲಿಗೆ ಹೋದರೇ? ಇಲ್ಲ. ಬೇರೆ ಬಾಗಿಲುಗಳು ಮುಚ್ಚಿದ್ದುದರಿಂದಲೂ ಹೋದರು. ಬಡ್ಡಿಯ ಅಂಜಿಕೆಯಿಂದ ಅನೇಕರು ಬ್ಯಾಂಕಿನಲ್ಲಿ ಠೇವಣಿ ಇಡುವುದಿಲ್ಲ. ಸಾಲ ಕೇಳಲು ಹೋದರೆ ಬ್ಯಾಂಕುಗಳು ಕೊಡುವುದಿಲ್ಲ. ಕೆಲವು ಬ್ಯಾಂಕುಗಳು ಮುಸ್ಲಿಮರು ಹೆಚ್ಚಾಗಿರುವ ಬಡಾವಣೆಗಳನ್ನು ಸಾಲಕ್ಕೆ ತಕ್ಕುದಲ್ಲದ ಪ್ರದೇಶಗಳೆಂದು ಗುರುತಿಸಿದ್ದ ಸಂಗತಿಯನ್ನು 2006ರ ಸಾಚಾರ್ ಸಮಿತಿಯ ವರದಿಯೇ ದಾಖಲಿಸಿದೆ. ಹೀಗಿರುವಾಗ ಗಾಡಿಯವನಿಗೆ ಬಂಡವಾಳ ಎಲ್ಲಿಂದ? ಹತ್ತು ಸಾವಿರದ ಸಾಲವೆಂದು ಬರೆದು ಒಂಬತ್ತು ಸಾವಿರ ಕೈಗಿತ್ತು, ನೂರು ದಿನ ದಿನಕ್ಕೆ ನೂರರಂತೆ ವಸೂಲು ಮಾಡುವವನಿಂದ. ಬರೇ ಸಾವಿರ ರೂಪಾಯಿ ಹೆಚ್ಚಲ್ಲವೇ ಎನಿಸುತ್ತದೆ. ಆದರೆ ಅಸಲು ಪ್ರತಿದಿನ ಕರಗುತ್ತಾ ಹೋಗುವುದನ್ನು ಲೆಕ್ಕಕ್ಕೆ ಹಿಡಿದರೆ ಅದು ವರ್ಷಕ್ಕೆ ನೂರಕ್ಕೆ ಎಂಬತ್ತರ ಆಸುಪಾಸಿನ ಬಡ್ಡಿ! ಬ್ಯಾಂಕಿನ ಬಡ್ಡಿಯಿಂದ ಓಡಿದವನು ಸಿಕ್ಕಿಬಿದ್ದದ್ದು ಎಲ್ಲಿ ನೋಡಿ.

ಕಿರುಸಾಲದ ಕಂಪೆನಿಗಳು ಬಂದಾಗಲೂ ಇದೇ ಆಯಿತು. ಕೋಲಾರ, ಶಿಡ್ಲಘಟ್ಟ, ರಾಮನಗರಗಳಲ್ಲಿ ರೇಷ್ಮೆ ಬಿಚ್ಚುವ ಕೆಲಸದ ಮನೆಗಳಿಗೆ ಒಂದರ ಮೇಲೊಂದು ಸಾಲ ಕೊಡಲಾಯಿತು. ರೇಷ್ಮೆಯ ದಂಧೆ ಕುಸಿದಾಗ ವಾರದ ಕಂತು ಕಟ್ಟಲಾಗದ ಹೆಂಗಸರ ಮಾನ ಬೀದಿಗೆ ಬಂತು. 2009ರಲ್ಲಿ ಕೋಲಾರದ ಅಂಜುಮನ್ ಮುಂದೆ ನಿಂತು, ಕಂತು ಕಟ್ಟಬೇಡಿ ಎಂದಿತು. ಸಹೋದರಿಯರ ಮಾನ ಕಾಯಬೇಕೆಂಬ ಅದರ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಆದರೆ ಬಳಿಕವೇನಾಯಿತು? ಕಂಪೆನಿಗಳು ಹೊಸ ಸಾಲ ನಿಲ್ಲಿಸಿದವು. ಆ ಸ್ಥಳವನ್ನು ತುಂಬಲು ಅಂಜುಮನ್‌ನ ಬಳಿ ಬೈತುಲ್ ಮಾಲ್ ಸಿದ್ಧವಿರಲಿಲ್ಲ. ಬೇಡವೆಂದು ಹೇಳುವ ಶಕ್ತಿ ನಮಗಿತ್ತು, ಇದನ್ನು ತೆಗೆದುಕೊಳ್ಳಿ ಎಂದು ಕೊಡಲು ನಮ್ಮ ಕೈಯಲ್ಲಿ ಏನೂ ಇರಲಿಲ್ಲ. 2025ರಲ್ಲಿ ಕರ್ನಾಟಕ ಸರಕಾರ ಕಿರುಸಾಲದ ಕಿರುಕುಳ ತಡೆಯಲು ಕಾನೂನು ತಂದಿದೆ. ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಶಿಕ್ಷೆಯಿದೆ. ಒಳ್ಳೆಯದೇ. ಆದರೆ ಕಾನೂನು ಬಾಗಿಲು ಬಡಿಯುವವನನ್ನು ತಡೆಯಬಲ್ಲದು, ಮನೆಯೊಳಗೆ ಅಕ್ಕಿಯನ್ನು ತಂದಿಡಲಾರದು.

ಹಾಗಾದರೆ ದಾರಿಯೇನು? ದಾರಿ ನಮ್ಮ ಮನೆಗಳಲ್ಲೇ ಇದೆ ಎನ್ನುತ್ತೇವೆ. ಪರದೆಯ ಆಚೆ ಕುಳಿತಿರುವ ಸಹೋದರಿಯರಲ್ಲಿ ಚೀಟಿ ಹಾಕದವರು ಎಷ್ಟು ಮಂದಿ? ಇಪ್ಪತ್ತು ಹೆಂಗಸರು ತಿಂಗಳಿಗೆ ಸಾವಿರದಂತೆ ಹಾಕಿ, ಪ್ರತಿ ತಿಂಗಳು ಒಬ್ಬರಿಗೆ ಇಪ್ಪತ್ತು ಸಾವಿರ ಕೊಡುತ್ತೀರಿ. ಹರಾಜು ಕೂಗದೆ, ಸರದಿಯ ಪ್ರಕಾರ ಎತ್ತುವ ಈ ಚೀಟಿಯಲ್ಲಿ ಬಡ್ಡಿಯಿಲ್ಲ, ಅಡವಿಲ್ಲ. ಮುಖಪರಿಚಯವಿದೆ, ನೋಟುಪುಸ್ತಕವಿದೆ, ತಪ್ಪಿದರೆ ಕೇಳಲು ಹತ್ತೊಂಬತ್ತು ಬಾಯಿಗಳಿವೆ. ಅಮೆರಿಕಕ್ಕೆ ಕೂಲಿಗೆ ಹೋದ ಮೆಕ್ಸಿಕೋದ ಬಡವರಲ್ಲೂ ಇಂಥದೇ ಚೀಟಿಯಿದೆ, ಅದನ್ನು ಅವರು ಟಾಂಡಾ ಎನ್ನುತ್ತಾರೆ. ಅವರದೊಂದು ಕಥೆ ನಮಗೆ ಪಾಠವಾಗಬಲ್ಲದು.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡರ್ಹಮ್ ಎಂಬ ಊರಿನಲ್ಲಿ ಲ್ಯಾಟಿನೋ ವಲಸೆ ಕಾರ್ಮಿಕರಿದ್ದರು. ಸ್ಪ್ಯಾನಿಷ್ ಮಾತನಾಡುವ ಅವರಿಗೆ ಬ್ಯಾಂಕಿನ ಭಾಷೆ ತಿಳಿಯದು, ಬ್ಯಾಂಕು ಕೇಳುವ ಕಾಗದಗಳೂ ಅವರಲ್ಲಿಲ್ಲ. ಕೂಲಿಯ ಹಣವನ್ನು ಜೇಬಿನಲ್ಲೋ ಹಾಸಿಗೆಯ ಕೆಳಗೋ ಇಡುತ್ತಿದ್ದರು. ಇದು ಕಳ್ಳರಿಗೆ ಗೊತ್ತಾಗಿ ದಾರಿಯಲ್ಲಿ, ಮನೆಯಲ್ಲಿ ದರೋಡೆಗಳು ಹೆಚ್ಚಿದವು. ಆಗ ಅವರ ಮುಂದಾಳುಗಳು ಭಾಷಣ ಮಾಡಿ ಸುಮ್ಮನಾಗಲಿಲ್ಲ. ಅಲ್ಲಿನ ಸಹಕಾರ ಸಂಸ್ಥೆಗಳ ನೆರವು ಪಡೆದು 2000ದಲ್ಲಿ ತಮ್ಮದೇ ಸಾಲ ಸಹಕಾರ ಸಂಘವನ್ನು ತೆರೆದರು. ಸದಸ್ಯರೇ ಒಡೆಯರು, ಸಿಬ್ಬಂದಿ ಅವರದೇ ಭಾಷೆಯವರು. ಇಂದು ಆ ರಾಜ್ಯದ ಹಲವು ಊರುಗಳಲ್ಲಿ ಅದರ ಶಾಖೆಗಳಿವೆ. ಅದು ಬಡ್ಡಿಯ ವ್ಯವಸ್ಥೆಯೇ ಹೌದು, ಅದನ್ನು ನಾವು ಅನುಕರಿಸಬೇಕಾಗಿಲ್ಲ. ಆದರೆ ಅವರು ಸಮುದಾಯದ ನಂಬಿಕೆಯನ್ನು ಒಬ್ಬ ಸಾಹುಕಾರನ ಕೈಗೆ ಕೊಡದೆ ಕಾನೂನಿನ ಕಣ್ಣೆದುರು, ಸರಕಾರದ ಪರಿಶೀಲನೆಯ ಕೆಳಗೆ ಇಟ್ಟರು. ನಾವು ಕಲಿಯಬೇಕಾದದ್ದು ಅದನ್ನು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಭಾರತದ ಮೊದಲ ಕೃಷಿ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಹುಕಾರರ ಬಡ್ಡಿಯಿಂದ ನೊಂದ ರೈತರು ಕಟ್ಟಿದ ಸಂಘವದು. 1961ರಲ್ಲಿ ದೇವಬಂದ್‌ನಲ್ಲಿ ಮುಸ್ಲಿಂ ಫಂಡ್ ಆರಂಭವಾಯಿತು. ಬಡವರ ಚಿಕ್ಕ ಉಳಿತಾಯವನ್ನು ಕೂಡಿಸಿ, ಒಡವೆಯ ಅಡವಿನ ಮೇಲೆ ಬಡ್ಡಿಯಿಲ್ಲದ ಸಾಲ ಕೊಡುವ ಕ್ರಮವದು. ನಮ್ಮ ಬೆಂಗಳೂರಿನಲ್ಲೇ 1977ರಲ್ಲಿ ಅಮಾನತ್ ಸಹಕಾರ ಬ್ಯಾಂಕ್ ಹುಟ್ಟಿತು. ಎಷ್ಟು ಸುಂದರವಾದ ಹೆಸರು! ಅದೂ ತೀರದ ಸಾಲಗಳ ಭಾರದಿಂದ ಸೊರಗಿ, 2013ರಲ್ಲಿ ರಿಸರ್ವ್ ಬ್ಯಾಂಕಿನ ನಿರ್ಬಂಧಕ್ಕೆ ಒಳಗಾಯಿತು. ಹೆಸರು ಅಮಾನತ್ ಎಂದಿದ್ದರೆ ಸಾಲದು, ನೋಂದಣಿಯ ಹಲಗೆ ತೂಗಿದರೂ ಸಾಲದು, ಸದಸ್ಯರು ಪ್ರತಿವರ್ಷ ಎದ್ದುನಿಂತು ಕೇಳಬೇಕು ಎಂಬುದು ಅದರ ಪಾಠ.

ಈಗ ಸಿದ್ದಾಪುರಕ್ಕೆ ಬರೋಣ. ಇನ್ನೂರು ಮನೆಗಳು ತಿಂಗಳಿಗೆ ನೂರು ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ ಎರಡು ಲಕ್ಷದ ನಲವತ್ತು ಸಾವಿರವಾಗುತ್ತದೆ. ಹತ್ತು ಸಾವಿರದಂತೆ ಇಪ್ಪತ್ತನಾಲ್ಕು ಮಂದಿಗೆ ಕರ್ಝೆ ಹಸನ ಕೊಡಬಹುದು. ಅವರು ಹತ್ತು ತಿಂಗಳಲ್ಲಿ ಮರಳಿಸಿದರೆ ಅದೇ ಹಣ ಮತ್ತೆ ಇಪ್ಪತ್ತನಾಲ್ಕು ಮಂದಿಗೆ ಹೋಗುತ್ತದೆ. ನೂರು ರೂಪಾಯಿ ನಮ್ಮ ಮನೆಗಳಲ್ಲಿ ಮೊಬೈಲ್ ರೀಚಾರ್ಜಿಗೂ ಸಾಲುವುದಿಲ್ಲ. ಆದ್ದರಿಂದ ಹಣವಿಲ್ಲವೆಂಬ ನೆಪವನ್ನು ಬಿಡೋಣ.

ಆದರೆ ಕೆಲವು ನಿಯಮಗಳಿಲ್ಲದೆ ಆರಂಭಿಸಬೇಡಿ. ಮೊದಲನೆಯದಾಗಿ, ಜನರಿಗೆ ಮರಳಿಸಬೇಕಾದ ಠೇವಣಿ ಸ್ವೀಕರಿಸುವುದಾದರೆ ಸಹಕಾರ ಕಾಯ್ದೆಯಡಿ ನೋಂದಣಿಯಾಗದೆ ಒಂದು ರೂಪಾಯಿಯನ್ನೂ ಮುಟ್ಟಬೇಡಿ. 2019ರ ಕಾನೂನಿನಂತೆ ನಿಯಂತ್ರಣಕ್ಕೆ ಒಳಪಡದ ಠೇವಣಿ ಯೋಜನೆ ಅಪರಾಧ. ನಿಮ್ಮ ನಿಯ್ಯತ್ತು ಶುದ್ಧವಾಗಿದ್ದರೂ ಅಪರಾಧವೇ. ಎರಡನೆಯದಾಗಿ, ಕೊಟ್ಟ ಪ್ರತಿ ಸಾಲಕ್ಕೂ ಬರಹ ಮತ್ತು ಸಾಕ್ಷಿಗಳಿರಲಿ. ಕುರ್‌ಆನ್‌ನ ಅತ್ಯಂತ ದೀರ್ಘವಾದ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು. ಅದು ಸಾಲವನ್ನು ಬರೆದಿಡಬೇಕೆಂಬುದರ ಬಗ್ಗೆಯೇ ಇದೆ. ಕಾಗದ ಕೇಳುವುದು ಅಪನಂಬಿಕೆಯೆಂದು ಹೇಳುವವರು ಈ ಆಜ್ಞೆಯನ್ನು ಯಾರಿಗೆ ಕೊಡಲಾಯಿತೆಂದು ಯೋಚಿಸಲಿ. ಕಾಗದ ಇಂಗ್ಲಿಷಿನಲ್ಲಿರದೆ, ಸಹಿ ಹಾಕುವವರು ಓದಬಲ್ಲ ಕನ್ನಡದಲ್ಲೋ ಉರ್ದುವಿನಲ್ಲೋ ಇರಲಿ.

ಮೂರನೆಯದಾಗಿ, ಹೊರಗಿನ ಲೆಕ್ಕಪರಿಶೋಧಕರಿಂದ ಪ್ರತಿವರ್ಷ ತಪಾಸಣೆಯಾಗಿ, ಅದರ ಸಾರಾಂಶವನ್ನು ಮಸೀದಿಯ ಸೂಚನಾ ಫಲಕದಲ್ಲಿ ಅಂಟಿಸಬೇಕು. ನಾಲ್ಕನೆಯದಾಗಿ, ಆಡಳಿತದಲ್ಲಿರುವವರಿಗೂ ಅವರ ಬಂಧುಗಳಿಗೂ ಸಾಲವಿಲ್ಲ ಎಂಬ ನಿಯಮವಿರಲಿ. ಐದನೆಯದಾಗಿ, ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಲಿ. ಕೆಲವು ಹಿರಿಯರ ಹುಬ್ಬು ಏರಿದ್ದನ್ನು ನಾವು ಗಮನಿಸಿದೆವು. ಈ ಮೊಹಲ್ಲಾದಲ್ಲಿ ಹಣದ ಲೆಕ್ಕವನ್ನು ತಪ್ಪಿಲ್ಲದೆ ಇಡುತ್ತಾ ಬಂದಿರುವವರು ಗಂಡಸರೋ ಹೆಂಗಸರೋ ಎಂದು ಮನೆಗೆ ಹೋಗಿ ಕೇಳಿ, ಬಳಿಕ ಉತ್ತರಿಸಿ.

ಕೊಟ್ಟವರು ಮರಳಿಸದಿದ್ದರೆ ಎಂಬ ಪ್ರಶ್ನೆ ಸಹಜ. ಇಲ್ಲಿಯೇ ಝಕಾತ್‌ನ ಸ್ಥಾನವಿದೆ. ರಂಝಾನ್‌ನ ಕೊನೆಯ ದಿನಗಳಲ್ಲಿ ಹತ್ತರ, ಇಪ್ಪತ್ತರ ಹೊಸ ನೋಟುಗಳನ್ನು ಕಟ್ಟು ಕಟ್ಟಾಗಿ ತಂದು ಬಾಗಿಲಿಗೆ ಬಂದವರಿಗೆಲ್ಲ ಹಂಚುತ್ತೇವೆ. ಅದರಿಂದ ಯಾರ ಬಡತನವೂ ನೀಗಿದ್ದನ್ನು ನಾವು ಕಂಡಿಲ್ಲ. ಕುರ್‌ಆನ್ ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳನ್ನು ಹೆಸರಿಸುವಾಗ ಸಾಲದಲ್ಲಿ ಮುಳುಗಿದವರನ್ನೂ ಹೆಸರಿಸಿದೆ. ಸಾಲಗಾರ ಕಷ್ಟದಲ್ಲಿದ್ದರೆ ಕಾಲಾವಕಾಶ ಕೊಡಬೇಕೆಂದೂ ಹೇಳಿದೆ. ಕಾಯಿಲೆ ಬಿದ್ದು, ಗಾಡಿ ಮುರಿದು, ನಿಜವಾಗಿಯೂ ತೀರಿಸಲಾಗದವನ ಸಾಲವನ್ನು ಝಕಾತ್‌ನಿಂದ ತೀರಿಸಲಿ. ಒಬ್ಬ ಸಾಲಗಾರನ ಜನಾಝಾ ಬಂದಾಗ ಪ್ರವಾದಿ(ಸ) ನಮಾಝ್ ನಿರ್ವಹಿಸಲು ಮುಂದಾಗದೆ ನಿಂತರು. ಅಬೂ ಖತಾದಃ(ರ) ಎದ್ದು ಆ ಸಾಲ ನನ್ನ ಹೊಣೆಯೆಂದ ಬಳಿಕವೇ ನಮಾಝ್ ಮಾಡಿದರು. ಆ ಕಾಲದಲ್ಲಿ ಒಬ್ಬನ ಸಾಲ ಇಡೀ ಸಮುದಾಯದ ಚಿಂತೆಯಾಗಿತ್ತು. ಶಕ್ತಿಯಿದ್ದೂ ಕೊಡದವನ ವಿಷಯ ಬೇರೆ. ಅವನನ್ನು ಕೇಳಲು ಇನ್ನೂರು ಮನೆಗಳಿವೆ. ಆದರೆ ಮೀಟರ್ ಬಡ್ಡಿಯವನಂತೆ ಕೇಳಬೇಡಿ. ಬಾಗಿಲಲ್ಲಿ ಕೂಗಿ ಮಾನ ಕಳೆಯುವುದಾದರೆ ನಮಗೂ ಅವನಿಗೂ ವ್ಯತ್ಯಾಸವೇನು ಉಳಿಯಿತು?

ಇದರ ಜೊತೆಗೆ ಸರಕಾರದ ಹಣ ನಮ್ಮ ಹಕ್ಕು ಎಂಬುದನ್ನೂ ಮರೆಯಬಾರದು. 1986ರಲ್ಲಿ ಸ್ಥಾಪನೆಯಾದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವಿದೆ. ವಿದ್ಯಾರ್ಥಿಗಳಿಗೆ ಅದರ 'ಅರಿವು' ಸಾಲ ಯೋಜನೆಯಿದೆ. ಅರ್ಜಿ ತುಂಬಲು ಬಾರದೆ, ದಲ್ಲಾಳಿಗೆ ಹಣ ಕೊಟ್ಟು ಮೋಸಹೋಗುವವರು ಎಷ್ಟೋ ಮಂದಿ. ವಾರಕ್ಕೆ ಒಂದು ಸಂಜೆ ಮಸೀದಿಯ ಜಗಲಿಯಲ್ಲಿ ಇಬ್ಬರು ಕಾಲೇಜು ಓದುವ ಮಕ್ಕಳು ಕುಳಿತು ಅರ್ಜಿ ತುಂಬಿಕೊಟ್ಟರೆ ಸಾಕು, ದಲ್ಲಾಳಿಯ ಅಂಗಡಿ ಮುಚ್ಚುತ್ತದೆ. ಮತ್ತು ಬ್ಯಾಂಕಿನಲ್ಲಿ ಹಣವಿಟ್ಟರೆ ಐದು ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ, 2020ರಿಂದ ಆ ಮಿತಿಯಿದೆ. 'ಹಲಾಲ್' ಎಂಬ ಫಲಕದ ಕೆಳಗೆ ಕಂಪೆನಿಯೊಂದಕ್ಕೆ ಕೊಟ್ಟ ಹಣಕ್ಕೆ ಅಂತಹ ರಕ್ಷಣೆ ಒಂದು ರೂಪಾಯಿಯದ್ದೂ ಇಲ್ಲ. ಇದನ್ನು ತಿಳಿದುಕೊಳ್ಳಲು ಯಾರ ಫತ್ವಾವೂ ಬೇಕಾಗಿಲ್ಲ.

ಕೊನೆಯದಾಗಿ ಖಾಲಾರ ವಿಷಯ. ಅವರ ಮಗಳ ಮದುವೆ ತಡವಾಗಿಯಾದರೂ ಸರಳವಾಗಿ ನಡೆಯಿತು. ಬೀದಿಯ ಚೀಟಿಯ ಹೆಂಗಸರು ತಮ್ಮ ಸರದಿಯನ್ನು ಬಿಟ್ಟುಕೊಟ್ಟು ಆ ತಿಂಗಳ ಹಣವನ್ನು ಅವರಿಗೆ ಕೊಟ್ಟರು. ಖಾಲಾ ಅದನ್ನೂ ನೋಟುಪುಸ್ತಕದಲ್ಲಿ ಬರೆದರು, ಕಂತು ಕಂತಾಗಿ ತೀರಿಸಿದರು. ದೊಡ್ಡ ಕಂಪೆನಿ ಕೈಬಿಟ್ಟಾಗ ಅವರನ್ನು ಹಿಡಿದದ್ದು ಆ ಹರಿದ ನೋಟುಪುಸ್ತಕ. ನಾವು ಕಟ್ಟಬೇಕಾಗಿರುವ ಸಂಸ್ಥೆ ಅದಕ್ಕಿಂತ ದೊಡ್ಡದಾಗಿರಲಿ, ಆದರೆ ಅದಕ್ಕಿಂತ ಕಡಿಮೆ ಪ್ರಾಮಾಣಿಕವಾಗಿರದಿರಲಿ.

ಇಂದು ಎದ್ದು ಹೋಗುವ ಮುನ್ನ ಐವರು ಗಂಡಸರ, ಐವರು ಹೆಂಗಸರ ಹೆಸರುಗಳನ್ನು ಬರೆದುಕೊಳ್ಳಿ. ಮುಂದಿನ ಜುಮಾದೊಳಗೆ ಅವರು ಒಂದು ಸಲ ಕೂಡಲಿ. ಅಷ್ಟಾದರೆ ನಮ್ಮನ್ನು ಕರೆದುದಕ್ಕೆ ಅರ್ಥವಿದೆ. ಚಹಾ ಕುಡಿದು ಹೋಗುವುದಾದರೆ ಕ್ಷಮಿಸಿ, ಮೀಟರ್ ಬಡ್ಡಿಯವನು ನಾಳೆ ಬೆಳಿಗ್ಗೆ ಬರುತ್ತಾನೆ.

ಪರರ ಹಣವನ್ನು ಬೆಂಕಿಯೆಂದು ತಿಳಿದು ಕಾಯುವ ಬುದ್ಧಿಯನ್ನೂ, ಪ್ರಶ್ನಿಸುವ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.